ಒಂದು ಲಕ್ಷದ ಅಣು ಎಲ್ಲಿದೆ?

ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುವಾಗ ಪಾಲಿಮರ್ (ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದ ದೊಡ್ಡ ಅಣು) ಪಾಠ ಮಾಡುತ್ತಿದ್ದ ಮೇಷ್ಟ್ರು ಮೊದಲ ಕ್ಲಾಸಿನಲ್ಲೇ ಒಂದು ಲೆಕ್ಕ ಕೊಟ್ಟರು. ಹತ್ತು ಸಾವಿರ ಅಣುತೂಕದ ಸರಪಳಿ ಹತ್ತು, ಹತ್ತು ಲಕ್ಷದ್ದು ಒಂದು. ಸರಾಸರಿ ಎಷ್ಟು? ಕೂಡಿ ಹನ್ನೊಂದರಿಂದ ಭಾಗಿಸಿದೆವು, ಸರಿಯಾಗಿ ಒಂದು ಲಕ್ಷ. "ಆ ಒಂದು ಲಕ್ಷದ ಅಣು ಯಾವ್ದು, ತೋರ್ಸಿ ನೋಡಾಣ" ಅಂದರು. ಅಂಥದ್ದು ಒಂದೂ ಇರಲಿಲ್ಲ! ಅದೇ ಮಾದರಿಗೆ ತೂಕದ ಲೆಕ್ಕದಲ್ಲಿ, ಅಂದರೆ ಭಾರದ ಸರಪಳಿಗೆ ಅದರ ಭಾರದಷ್ಟೇ ಹೆಚ್ಚು ಪಾಲು ಕೊಟ್ಟು, ಸರಾಸರಿ ತೆಗೆದರೆ 9.1 ಲಕ್ಷ. ಎರಡರ ಅನುಪಾತ 9.1. ಅದು 1ಕ್ಕೆ ಹತ್ತಿರವಾದಷ್ಟೂ ಸರಪಳಿಗಳು ಒಂದೇ ಅಳತೆಯವು.

ಲ್ಯಾಬಿನಲ್ಲಿ ನಮ್ಮ ಪಾಲಿಗೆ ಬಂದದ್ದು ಉಬ್ಬೆಲೋಡೆ ವಿಸ್ಕೋಮೀಟರ್, ದ್ರವದ ಸ್ನಿಗ್ಧತೆ (ಮಂದತನ) ಅಳೆಯುವ ಗಾಜಿನ ಕೊಳವೆ. ಟೊಲ್ಯೂಯಿನ್‌ನಲ್ಲಿ ಕರಗಿಸಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಹಿಡಿಯಬೇಕು. ಹೊರಗೆ ಜುಲೈ ಮಳೆ, ಒಳಗೆ ನೀರಿನ ತೊಟ್ಟಿ 30 ಡಿಗ್ರಿಯಿಂದ ಕದಲಬಾರದು. ಕ್ಯಾಪಿಲರಿಯಲ್ಲಿ, ಅಂದರೆ ಕೊಳವೆಯ ಕಿರಿದಾದ ನಾಳದಲ್ಲಿ, ಒಂದು ಧೂಳಿನ ಕಣ ಕೂತರೂ ಮುಗಿಯಿತು. ಇಷ್ಟೆಲ್ಲ ಮಾಡಿ, ಸ್ನಿಗ್ಧತೆಯಿಂದ ಅಣುತೂಕ ಹೇಳುವ ಮಾರ್ಕ್-ಹೌವಿಂಕ್ ಸಮೀಕರಣದಿಂದ ಸಿಗುವುದು ಮತ್ತೆ ಒಂದೇ ಒಂದು ಸರಾಸರಿ.

ಯಾವ ಅಳತೆಯ ಸರಪಳಿ ಎಷ್ಟಿವೆ ಎಂಬ ಹಂಚಿಕೆಯನ್ನೇ ಬಿಡಿಸಿ ತೋರಿಸುವ ಜಿಪಿಸಿಯನ್ನು (ಜೆಲ್ ಪರ್ಮಿಯೇಶನ್ ಕ್ರೊಮ್ಯಾಟೊಗ್ರಫಿ) ಕಣ್ಣಾರೆ ಕಂಡದ್ದು ಕೆಲಸಕ್ಕೆ ಸೇರಿದ ಮೇಲೆ. ಡೌ ಕಂಪನಿಯ ಜೆ.ಸಿ. ಮೂರ್ 1964ರಲ್ಲಿ ಪ್ರಕಟಿಸಿದ ವಿಧಾನ ಅದು. ರಂಧ್ರಗಳಿರುವ ಜೆಲ್ ಮಣಿಗಳನ್ನು ತುಂಬಿದ ಕಾಲಮ್ ಎಂಬ ಕೊಳವೆಯಲ್ಲಿ ದೊಡ್ಡ ಅಣುವೇ ಮೊದಲು ಹೊರಬರುತ್ತದೆ. ಮೇಷ್ಟ್ರು ಇದನ್ನು ಸಾಗರದ ಮಾರಿಜಾತ್ರೆಗೆ ಹೋಲಿಸಿದ್ದರು: ಮಕ್ಕಳು ಕಂಡಕಂಡ ಅಂಗಡಿಗೆಲ್ಲ ನುಗ್ಗಿ ತಡಮಾಡುತ್ತಾರೆ, ದೊಡ್ಡವರು ಬೀದಿ ಹಿಡಿದು ನೆಟ್ಟಗೆ ನಡೆದುಬಿಡುತ್ತಾರೆ.

ಕಾರ್ಖಾನೆಗೆ ಬೇಕಾದದ್ದು ಈ ಹಂಚಿಕೆಯೇ. ಸರಾಸರಿ ಒಂದೇ ಇದ್ದ ಎರಡು ಬ್ಯಾಚುಗಳಲ್ಲಿ ಒಂದು ಅಚ್ಚಿನೊಳಗೆ ಸಲೀಸಾಗಿ ಹರಿದು, ಇನ್ನೊಂದು ಹಟ ಹಿಡಿಯಬಹುದು. ಗಿಡ್ಡ ಸರಪಳಿಗಳು ಕರಗಿದ ಪ್ಲಾಸ್ಟಿಕ್ಕನ್ನು ತೆಳುವಾಗಿಸುತ್ತವೆ, ಉದ್ದದವು ಗಟ್ಟಿತನ ಕೊಡುತ್ತವೆ.

ಈಗ ಜಿಪಿಸಿ ವರದಿ ಹಿಡಿದು ಪ್ರಾಜೆಕ್ಟ್ ಬರೆಯುವ ತಮ್ಮ ತಂಗಿಯರಿಗೆ ಒಂದು ಮಾತು. ಯಂತ್ರ ಅಳೆಯುವುದು ದ್ರಾವಣದಲ್ಲಿ ಅಣು ಹಿಡಿಯುವ ಜಾಗವನ್ನು, ತೂಕವನ್ನಲ್ಲ. ತೂಕ ಗೊತ್ತಿರುವ ಪಾಲಿಸ್ಟೈರೀನನ್ನು ಹೋಲಿಕೆಯ ಮಾನಕವಾಗಿ ಇಟ್ಟು ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಅಳೆದರೆ ಬರುವುದು ಪಾಲಿಸ್ಟೈರೀನ್ ಲೆಕ್ಕದ ತೂಕ. ಸ್ನಿಗ್ಧತೆಯನ್ನೂ ಸೇರಿಸಿಕೊಂಡು ಇದನ್ನು ಸರಿಪಡಿಸುವ ದಾರಿಯನ್ನು ಪಾಲಿಮರ್ ವಿಜ್ಞಾನಿ ಬೆನ್ವಾ ಮತ್ತು ಸಂಗಡಿಗರು 1967ರಲ್ಲೇ ತೋರಿಸಿದ್ದಾರೆ. ಅಷ್ಟು ಆಗದಿದ್ದರೆ ಯಾವ ಮಾನಕ, ಯಾವ ದ್ರಾವಕ ಎಂದಾದರೂ ಅಂಕಿಯ ಪಕ್ಕದಲ್ಲೇ ಬರೆಯಿರಿ. ವೈವಾದಲ್ಲಿ ನಾನಂತೂ ಮೊದಲು ಅದನ್ನೇ ಕೇಳುತ್ತೇನೆ.