ನಿನ್ನೆ ಚೆನ್ನಾಗಿದ್ದೆಯಲ್ಲ, ಇವತ್ತೇನಾಯ್ತು?

"ನಿನ್ನೆ ಮದುವೆ ಮನೆಯಲ್ಲಿ ಓಡಾಡಿಕೊಂಡು ಬಡಿಸ್ತಾ ಇದ್ದೆಯಲ್ಲ, ಇವತ್ತು ಏಳೋಕೂ ಆಗಲ್ವಾ?" ಚಿಕ್ಕಮ್ಮ ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ, ಎದುರುಮನೆಯವರೂ ಕೇಳುತ್ತಾರೆ. ಯಾರದೂ ಕೆಟ್ಟ ಮನಸ್ಸಲ್ಲ. ಅದಕ್ಕೇ ಒಮ್ಮೆ ಕೂತು ಸರಿಯಾಗಿ ಹೇಳೋಣ ಅನ್ನಿಸಿತು.

ನನಗಿರುವುದು ಸೋರಿಯಾಟಿಕ್ ಆರ್ಥ್ರೈಟಿಸ್. ಚರ್ಮಕ್ಕೆ ಸೋರಿಯಾಸಿಸ್ ಬರುತ್ತದಲ್ಲ, ಅದರ ಜೊತೆ ಬರುವ ಗಂಟು ನೋವು. ನಮ್ಮನ್ನು ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ, ಸ್ನಾಯು ಎಲುಬಿಗೆ ಅಂಟುವ ಜಾಗಗಳ ಮೇಲೆ ತಿರುಗಿ ಬೀಳುತ್ತದೆ. ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನೊಳಗೆ ಶುರುವಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಮಂಡಿ ಸವೆದ ನೋವು ನಡೆದಷ್ಟೂ ಜಾಸ್ತಿ, ಕೂತರೆ ಕಮ್ಮಿ. ನನ್ನದು ಹಾಗಲ್ಲ. ರಾತ್ರಿಯೆಲ್ಲ ಮಲಗಿ ಎದ್ದಾಗಲೇ ಅತಿ ಕೆಟ್ಟದಾಗಿರುತ್ತದೆ. ಕೆರಳಿದ ದಿನ ಹಿಮ್ಮಡಿ ನೆಲಕ್ಕೆ ಊರಲಾಗದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತೇನೆ. ಕಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೂ ಒಂದೇ ದಪ್ಪಕ್ಕೆ ಊದಿ, ಕೆಂಪಗೆ ಹೊಳೆಯುತ್ತಿರುತ್ತದೆ. ಹೊದಿಕೆ ತಗುಲಿದರೂ ಜೀವ ಹೋದಂತಾಗುತ್ತದೆ. ಕುಕ್ಕರ್ ಮುಚ್ಚಳ ತೆಗೆಯಲು ಮಗಳನ್ನು ಕರೆಯಬೇಕು. ಬಿಸಿನೀರು ಹುಯ್ದುಕೊಂಡು, ಮೆಲ್ಲಗೆ ಕೈಕಾಲು ಆಡಿಸುತ್ತಾ ಹೋದ ಮೇಲೆ ಬಿಗಿತ ಸ್ವಲ್ಪ ಬಿಡುತ್ತದೆ. ನೀವೆಲ್ಲ ನನ್ನನ್ನು ನೋಡುವುದು ಅದೆಲ್ಲ ಮುಗಿದು, ಹನ್ನೊಂದು ಗಂಟೆಯ ಹೊತ್ತಿಗೆ.

ಏನು ಮಾಡಿದ್ದಕ್ಕೆ ಕೆರಳಿತು? ಕೆಲವು ಸಲ ಕಾರಣ ಗೊತ್ತಾಗುತ್ತದೆ. ಗಂಟಲಿನ ಸೋಂಕು, ನಿದ್ದೆಗೆಟ್ಟ ವಾರ, ಮನಸ್ಸಿನ ಒತ್ತಡ, ತಪ್ಪಿಹೋದ ಔಷಧಿ. ಎಷ್ಟೋ ಸಲ ಯಾವ ಕಾರಣವೂ ಕಾಣುವುದಿಲ್ಲ. ಬದನೆಕಾಯಿ ನಂಜು, ಬಿಟ್ಟುಬಿಡು ಅಂತಾರೆ. ಬದನೆಕಾಯಿಗಿಂತ ತೂಕ ಇಳಿಸುವುದರಿಂದ, ಸಿಗರೇಟು ಬಿಡುವುದರಿಂದ ಆಗುವ ಉಪಯೋಗ ದೊಡ್ಡದು.

"ರಿಪೋರ್ಟ್ ನಾರ್ಮಲ್ ಇದೆಯಲ್ಲ" ಅನ್ನುವ ಮಾತು ನನಗೆ ನೋವಿಗಿಂತ ಜಾಸ್ತಿ ಚುಚ್ಚುತ್ತದೆ. ಈ ಕಾಯಿಲೆಯಲ್ಲಿ ಆರ್‌ಎ ಫ್ಯಾಕ್ಟರ್ ಅನ್ನುವ, ರುಮಟಾಯ್ಡ್ ಎಂಬ ಇನ್ನೊಂದು ಗಂಟು ರೋಗ ಪತ್ತೆಗೆ ಮಾಡುವ ರಕ್ತಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಇಎಸ್‌ಆರ್, ಸಿಆರ್‌ಪಿ ಅನ್ನುವ, ಮೈಯೊಳಗಿನ ಉರಿಯೂತ ಅಳೆಯುವ ರಕ್ತಪರೀಕ್ಷೆಗಳು ಕೂಡ ಎಷ್ಟೋ ಜನರಿಗೆ ಸರಿಯಾಗಿಯೇ ಇರುತ್ತವೆ. ಹಾಗಾಗಿ ಒಳ್ಳೆಯ ಡಾಕ್ಟರು ಬರೀ ಕಾಗದ ನೋಡುವುದಿಲ್ಲ. ಒಂದೊಂದೇ ಗಂಟು ಒತ್ತಿ ನೋಡುತ್ತಾರೆ, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳಿವೆಯೇ ಅಂತ ನೋಡುತ್ತಾರೆ.

ನಾನು ತೆಗೆದುಕೊಳ್ಳುವುದು ಮೆಥೋಟ್ರೆಕ್ಸೇಟ್, ತಿರುಗಿ ಬಿದ್ದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಆ ದಿನದ ಹೆಸರನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಲಿವರ್, ರಕ್ತದ ಪರೀಕ್ಷೆ ಆಗಾಗ ಆಗಲೇಬೇಕು. ಗಂಟು ನೋವಿಗೆ ಅಂತ ಯಾರೋ ಕೊಡುವ ಹೆಸರಿಲ್ಲದ ಪುಡಿಗಳನ್ನು ದಯವಿಟ್ಟು ಮುಟ್ಟಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ತಿಂದಷ್ಟು ದಿನ ನೋವು ಮಾಯ. ತಟ್ಟನೆ ನಿಲ್ಲಿಸಿದಾಗ ಸೋರಿಯಾಸಿಸ್ ಮೈತುಂಬ ಎದ್ದುಬಿಡಬಹುದು.

ನಿಮ್ಮ ಮನೆಯಲ್ಲಿ ಸೋರಿಯಾಸಿಸ್ ಇದ್ದವರಿಗೆ ಬೆಳಗ್ಗೆ ಕೀಲು ಬಿಗಿಯುತ್ತಿದ್ದರೆ, ಹಿಮ್ಮಡಿ ನೋಯುತ್ತಿದ್ದರೆ, ವಯಸ್ಸಾಯ್ತು ಅಂತ ಸುಮ್ನೆ ಬಿಡಬೇಡಿ. ತಡವಾದಷ್ಟೂ ಕೀಲು ಹಾಳಾಗುತ್ತದೆ, ಹಾಳಾದ ಕೀಲು ಮೊದಲಿನಂತಾಗುವುದಿಲ್ಲ. ರುಮಟಾಲಜಿಸ್ಟ್, ಅಂದರೆ ಇಂಥ ಕೀಲು ರೋಗಗಳ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಊದಿದ ದಿನವೇ ಬೆರಳಿನ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಊತ ಇಳಿದುಬಿಟ್ಟಿರುತ್ತದೆ.