ಗೋವಾದಲ್ಲಿ ನಾವೇ ಓಡಿಸೋ ಬೋಟ್: ರೇಟ್ ಕೇಳೋ ಮುಂಚೆ ನೀರಿನ ಟೈಮ್ ನೋಡ್ಕೊಳ್ಳಿ

ಮೊದಲೇ ಹೇಳ್ಬಿಡ್ತೀನಿ, ಗೋವಾದಲ್ಲಿ ಸ್ಕೂಟರ್ ಬಾಡಿಗೆಗೆ ತಗೊಂಡ ಹಾಗೆ ಮೋಟಾರ್ ಬೋಟ್ ತಗೊಂಡು ನಾವೇ ಓಡಿಸ್ಕೊಂಡು ಹೋಗೋಣ ಅನ್ನೋ ಪ್ಲಾನ್ ಇದ್ರೆ ಅದನ್ನ ಬಿಟ್ಬಿಡಿ. ರಿಪಬ್ಲಿಕ್ ಡೇ ರಜೆ ಸೇರಿಸ್ಕೊಂಡು ದಾವಣಗೆರೆಯಿಂದ ನಮ್ಮಕ್ಕ, ಭಾವ, ಇಬ್ರು ಮಕ್ಕಳು ಮಡಗಾಂವ್‌ಗೆ ನಮ್ಮನೆಗೆ ಬಂದಾಗ ಭಾವಂದೂ ಇದೇ ಹಠ, ಕಪ್ಪು ನಂಬರ್ ಪ್ಲೇಟ್ ಹಾಕಿರೋ ಬಾಡಿಗೆ ಕಾರಿನ ಕೀ ಕೈಗೆ ಕೊಡ್ತಾರಂತೆ, ಬೋಟಿಂದು ಯಾಕೆ ಕೊಡಲ್ಲ ಅಂತ. ಕಾರಣ ಸಿಂಪಲ್. ಇಂಜಿನ್ ಇರೋ ಬೋಟ್ ಅಂದ್ರೆ ಅದಕ್ಕೆ ರಿಜಿಸ್ಟ್ರೇಶನ್ ಬೇಕು, ತಪಾಸಣೆ ಆಗಿರ್ಬೇಕು, ಓಡಿಸೋನ ಹತ್ರ ಸರ್ಟಿಫಿಕೇಟ್ ಇರ್ಬೇಕು. ಹೊಳೆ ಹಿನ್ನೀರಿಗೆಲ್ಲ ಈಗ 2021ರ ಒಳನಾಡು ಹಡಗು ಕಾಯ್ದೆ ಇದೆ, ಗೋವಾದಲ್ಲಿ ಇದನ್ನೆಲ್ಲ ನೋಡ್ಕೊಳ್ಳೋದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಕಾರಿನ ಲೈಸೆನ್ಸ್ ತೋರ್ಸಿದ್ರೆ ನಡಿಯಲ್ಲ. ಬೀಚಲ್ಲಿ ಯಾರಾದ್ರೂ "ಐನೂರು ಜಾಸ್ತಿ ಕೊಡಿ, ಹ್ಯಾಂಡಲ್ ನಿಮ್ಮ ಕೈಗೆ ಕೊಡ್ತೀನಿ" ಅಂದ್ರೆ ದಯವಿಟ್ಟು ಬೇಡ. 2024ರ ಡಿಸೆಂಬರ್ 25ರಂದು ಕಲಂಗುಟ್ ಹತ್ರ ಪ್ರವಾಸಿಗಳಿದ್ದ ಬೋಟ್ ಮಗುಚಿ ಒಬ್ರು ತೀರ್ಕೊಂಡ್ರು, ದಿನಾ ಓಡಿಸೋರ ಬೋಟೇ ಹಂಗಾಗುತ್ತೆ ಅಂದ್ಮೇಲೆ ನಮ್ಮದೇನು.

ಹಂಗಾದ್ರೆ ನಾವೇ ಓಡಿಸೋಕೆ ಸಿಗೋದು ಏನು ಅಂದ್ರೆ ಕಯಾಕ್. ಇಬ್ರು ಕೂರೋ ಪ್ಲಾಸ್ಟಿಕ್ ದೋಣಿ, ಎರಡೂ ತುದೀಲಿ ಅಗಲ ಇರೋ ಹುಟ್ಟು, ಅಷ್ಟೇ. ಭಾವ ಮೊದಲು ಮುಖ ಸಿಂಡರಿಸಿದ್ರು, ಇದೇನು ಮಕ್ಕಳಾಟ ಅಂತ. ಅರ್ಧ ಗಂಟೆ ಆದ್ಮೇಲೆ ಹುಟ್ಟು ಕೆಳಗಿಡೋಕೆ ಒಪ್ಪಿದ್ರೆ ಕೇಳಿ.

ಎಲ್ಲಿ ತಗೋಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ಸೌತ್ ಗೋವಾ, ಅದ್ರಲ್ಲೂ ಫ್ಯಾಮಿಲಿ ಜೊತೆ ಮೊದಲ ಸಲ ಆದ್ರೆ ಸಾಳ್ ನದಿ. ಇದು ವೆರ್ಣಾ ಕಡೆ ಹುಟ್ಟಿ ಬಾಣಾವಳಿ, ನಾವೆಲಿ, ಚಿಂಚೋಣೆ ಅಂತ ಸುತ್ಕೊಂಡು ಬೇತುಲ್ ಹತ್ರ ಸಮುದ್ರ ಸೇರುತ್ತೆ. ಕಾವೆಲೊಸಿಂ ಅಕ್ಕಪಕ್ಕ ಬಾಡಿಗೆಗೆ ಕೊಡೋರು ಇದಾರೆ. ಅಲೆ ಇಲ್ಲ, ಎರಡೂ ಕಡೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್), ತೆಂಗು, ಮೇಲೆ ಗರುಡ ಸುತ್ತಾ ಇರುತ್ತೆ. ಬರೋದು ಹೇಗೆ ಅನ್ನೋದೇನು ದೊಡ್ಡ ವಿಷಯ ಅಲ್ಲ, ಯಶವಂತಪುರ-ವಾಸ್ಕೋ ರೈಲು ದಾವಣಗೆರೆ, ಹುಬ್ಬಳ್ಳಿ, ಲೋಂಡಾ ಮೇಲೆ ಬಂದು ಮಡಗಾಂವ್‌ನಲ್ಲಿ ಇಳಿಸುತ್ತೆ, ಅಲ್ಲಿಂದ ಕಾವೆಲೊಸಿಂಗೆ ಬಸ್ಸೂ ಇದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಲ್ರೂ ಫೋನ್ ಮಾಡಿ ಮೊದಲು ಕೇಳೋದು ಗಂಟೆಗೆ ಎಷ್ಟು ಅಂತ. ನಾನೂ ಅದನ್ನೇ ಕೇಳಿದೆ, ಆ ಕಡೆ ಎತ್ತಿದ ಹುಡುಗ ಹಿಂದೀಲಿ ಶುರು ಮಾಡಿದ, ಎರಡು ಮಾತಾಡೋದ್ರೊಳಗೆ ಇಬ್ರದೂ ಕನ್ನಡ ಅಂತ ಗೊತ್ತಾಯ್ತು. ಬಾದಾಮಿ ಕಡೆಯೋನು, ಗೋವಾ ಬೀಚಲ್ಲಿ ಶ್ಯಾಕು, ಬೋಟು, ಹೋಟ್ಲು ಎಲ್ಲಿ ನೋಡಿದ್ರೂ ನಮ್ಮ ಬಿಜಾಪುರ, ಬಾಗಲಕೋಟೆ, ಗದಗ ಕಡೆ ಹುಡುಗ್ರು ಇದ್ದೇ ಇರ್ತಾರೆ, ಹಾಗಾಗಿ ಒಂದು ಸಲ ಕನ್ನಡದಲ್ಲಿ ಮಾತಾಡಿ ನೋಡಿ, ರೇಟ್ ಕಮ್ಮಿ ಆಗದೇ ಇದ್ರೂ ನಿಜವಾದ ಮಾಹಿತಿ ಸಿಗುತ್ತೆ. ಅವ್ನು ಹೇಳಿದ್ದು, "ಅಣ್ಣಾರ, ರೇಟ್ ಹಿಂದಿಂದ ಮಾತಾಡೂಣು, ಮೊದ್ಲ ನೀರಿನ ಟೈಮ್ ನೋಡ್ರಿ. ನಾಳೆ ಮುಂಜಾನೆ ಒಂಬತ್ತೂವರಿ ತನಕ ನೀರ ಏರತೈತಿ, ನೀವು ಎಂಟಕ್ಕ ಬರ್ರಿ."

ಇದರ ಲೆಕ್ಕ ಹೀಗೆ. ನಮ್ಮ ಪಶ್ಚಿಮ ಕರಾವಳೀಲಿ ದಿನಕ್ಕೆ ಸುಮಾರಾಗಿ ಎರಡು ಸಲ ಉಬ್ಬರ, ಎರಡು ಸಲ ಇಳಿತ, ದಿನಾ ಹೆಚ್ಚು ಕಡಿಮೆ 50 ನಿಮಿಷ ಮುಂದೆ ಹೋಗುತ್ತೆ. ಹುಣ್ಣಿಮೆ ಅಮಾವಾಸ್ಯೆ ಅಕ್ಕಪಕ್ಕ ಏರಿಳಿತ ಜಾಸ್ತಿ, ನೀರಿನ ಸೆಳೆತಾನೂ ಜಾಸ್ತಿ. ಏರೋವಾಗ ಸಮುದ್ರದ ನೀರು ನದಿ ಒಳಗೆ ನುಗ್ಗುತ್ತೆ, ಅಂದ್ರೆ ನದಿ ಉಲ್ಟಾ ಹರಿಯುತ್ತೆ. ಇಳಿಯೋವಾಗ ಬೇತುಲ್ ಕಡೆ ಎಳೆಯುತ್ತೆ. ಉಬ್ಬರ ಮುಗಿಯೋಕೆ ಒಂದೂವರೆ ಗಂಟೆ ಇರೋವಾಗ ದೋಣಿ ಇಳಿಸಿ ಮೇಲ್ಗಡೆ, ಅಂದ್ರೆ ಉತ್ತರಕ್ಕೆ ಹೊರಟ್ರೆ ಹೋಗೋವಾಗ್ಲೂ ನೀರೇ ತಳ್ಳುತ್ತೆ, ತಿರುಗಿ ಬರೋವಾಗ ಇಳಿತ ಶುರುವಾಗಿರುತ್ತೆ, ಆಗ್ಲೂ ನೀರೇ ತಳ್ಳುತ್ತೆ. ಕಾಂಡ್ಲಾ ನಡುವಿನ ಸಣ್ಣ ಕಾಲುವೆ ಒಳಗೆ ಹೋಗೋಕೂ ಆಗ್ಲೇ ಸರಿ, ನೀರು ಇಳಿದ್ಮೇಲೆ ಅಲ್ಲಿ ಬರೀ ಕೆಸರು, ಸಿಕ್ಕಿಹಾಕ್ಕೊಂಡ್ರೆ ಇಳಿದು ತಳ್ಳೋಣ ಅಂದ್ರೆ ಮೊಣಕಾಲ ತನಕ ಹೂತು ಹೋಗುತ್ತೆ, ಅದ್ರಲ್ಲಿ ಸಿಂಪಿ ಚಿಪ್ಪು ಬೇರೆ, ಬ್ಲೇಡ್ ಇದ್ದ ಹಾಗೆ ಕುಯ್ಯುತ್ತೆ. ಟೈಮ್ ನೋಡೋಕೆ ಮೊರ್ಮುಗಾಂವ್ ಅಂತ ಹಾಕಿ ಉಬ್ಬರ ಇಳಿತದ ಪಟ್ಟಿ ಹುಡುಕಿದ್ರೆ ಫ್ರೀಯಾಗೇ ಸಿಗುತ್ತೆ, ನದಿ ಒಳಗೆ ಸ್ವಲ್ಪ ತಡವಾಗುತ್ತೆ ಅನ್ನೋದು ನೆನಪಿರ್ಲಿ. ಬಾಡಿಗೆ ಕೊಡೋನಿಗೆ "ನಾಳೆ ಭರತಿ (ಉಬ್ಬರ) ಎಷ್ಟೊತ್ತಿಗೆ" ಅಂತ ಕೇಳಿ, ಅವ್ನು ತಡಬಡಾಯಿಸಿದ್ರೆ ಬೇರೆಯವ್ರನ್ನ ಹುಡುಕಿ. ಇದು ನಾನು ಇಟ್ಕೊಂಡಿರೋ ಪರೀಕ್ಷೆ.

ನದೀಲಿ ಕೆಳಗಡೆ, ಅಂದ್ರೆ ಬೇತುಲ್ ಕಡೆ ಯಾಕೆ ಹೋಗ್ಬಾರ್ದು ಅಂದ್ರೆ ಕುಟ್‌ಬೋಣ ಜೆಟ್ಟಿ ಅಲ್ಲೇ ಇದೆ, ದೊಡ್ಡ ದೊಡ್ಡ ಟ್ರಾಲರ್‌ಗಳು ಓಡಾಡ್ತವೆ, ಅವು ಎಬ್ಬಿಸೋ ಅಲೆ ಕಯಾಕ್‌ಗೆ ಜಾಸ್ತಿ ಆಗುತ್ತೆ. ಇನ್ನೂ ಮುಂದೆ ಬೇತುಲ್ ಅಳಿವೆ, ಅಲ್ಲಿ ಮರಳದಿಣ್ಣೆ ಮೇಲೆ ಅಲೆ ಒಡೆಯುತ್ತೆ, ಮೀನುಗಾರರೇ ಅಲ್ಲಿ ಹುಷಾರಾಗಿ ದಾಟ್ತಾರೆ. ನೋಡ್ಲೇಬೇಕು ಅಂದ್ರೆ ರಸ್ತೇಲಿ ಹೋಗಿ ನೋಡಿ.

ನಾವು ಎರಡು ಡಬಲ್ ಕಯಾಕ್ ತಗೊಂಡ್ವಿ, ಒಂದಕ್ಕೆ ಗಂಟೆಗೆ 500 ಅಂದ್ರು, ಎರಡು ಗಂಟೆಗೆ ಸ್ವಲ್ಪ ಬಿಟ್ರು. ಚಿಕ್ಕೋಳಿಗೆ ಎಂಟು ವರ್ಷ, ಅವಳನ್ನ ಮತ್ತು ಅಕ್ಕನ್ನ ಆ ಬಾದಾಮಿ ಹುಡುಗ ತನ್ನ ದೋಣೀಲಿ ನಡುವೆ ಕೂರಿಸ್ಕೊಂಡ, ಅದಕ್ಕೆ ಬೇರೆ ದುಡ್ಡು. ಈಜು ಬರದೇ ಇರೋರು, ಮಕ್ಕಳು ಇದ್ರೆ ಈ ದುಡ್ಡಿಗೆ ಚೌಕಾಸಿ ಮಾಡ್ಬೇಡಿ.

ದೋಣಿ ಕೈಗೆ ಬಂದಾಗ ನೋಡ್ಬೇಕಾದ್ದು. ಹಿಂದುಗಡೆ ಕೆಳಗೆ ಒಂದು ಸಣ್ಣ ಬಿರಡೆ ಇರುತ್ತೆ, ನೀರು ಹೊರಗೆ ಬಿಡೋಕೆ, ಅದು ತಿರುಗಿಸಿ ಟೈಟ್ ಆಗಿದ್ಯಾ ಕೈಯಾರೆ ನೋಡಿ. ಅದು ಸಡಿಲ ಇದ್ರೆ ಹೊಟ್ಟೆ ಒಳಗೆ ನೀರು ತುಂಬ್ಕೊಂಡು ಅರ್ಧ ದಾರೀಲಿ ದೋಣಿ ಭಾರ ಆಗುತ್ತೆ, ಯಾಕೆ ಅಂತ್ಲೂ ಗೊತ್ತಾಗಲ್ಲ. ಕೂರೋ ಜಾಗದಲ್ಲಿ ತೂತು ಇರುತ್ತಲ್ಲ, ಅದ್ರಿಂದ ನೀರು ಮೇಲೆ ಬರೋದು ಮಾಮೂಲು, ಮೇಲೆ ಬಿದ್ದ ನೀರು ಕೆಳಗೆ ಹೋಗ್ಲಿ ಅಂತ ಮಾಡಿರೋದು ಅದು, ಅಕ್ಕ "ಅಯ್ಯೋ ತೂತು ಬಿದ್ದಿದೆ ಕಣೋ" ಅಂತ ಕೂಗಿದ್ಲು. ಲೈಫ್ ಜಾಕೆಟ್ ಹಾಕಿ ಬಕಲ್ ಬಿಗಿದ್ಮೇಲೆ ಯಾರಾದ್ರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೀಲಿ, ಗಲ್ಲದ ತನಕ ಬಂದ್ರೆ ಅದು ನಿಮ್ಮ ಸೈಜ್ ಅಲ್ಲ. ಮಕ್ಕಳಿಗೆ ದೊಡ್ಡೋರದ್ದನ್ನೇ ಹಗ್ಗ ಕಟ್ಟಿ ಕೊಡೋರು ಇದಾರೆ, ಒಪ್ಕೋಬೇಡಿ, ಮಕ್ಕಳ ಸೈಜ್ ಇದ್ಯಾ ಅಂತ ಹಿಂದಿನ ದಿನಾನೇ ಫೋನಲ್ಲಿ ಕೇಳಿ. ಹಾಂ, ದೋಣಿನ ನಾಲ್ಕೂ ಕಡೆ ಫೋನಲ್ಲಿ ಒಂದು ವಿಡಿಯೋ ಮಾಡ್ಕೊಳ್ಳಿ, ಹೋದ ವರ್ಷ ಬೇರೆ ಒಂದು ಕಡೆ ಹಳೇ ಗೀರಿಗೆ ನಮ್ಮ ಹತ್ರ ಸಾವಿರ ಕೇಳಿದ್ರು, ವಿಡಿಯೋ ತೋರ್ಸಿದ್ಮೇಲೆ ಸುಮ್ನಾದ್ರು. ಆಧಾರ್ ಒರಿಜಿನಲ್ ಇಟ್ಟು ಹೋಗಿ ಅಂದ್ರೆ ಬೇಡ ಅನ್ನಿ, ಜೆರಾಕ್ಸ್ ಸಾಕು.

ಕೂರೋದು ಹೇಗೆ ಅಂದ್ರೆ ಭಾರ ಇರೋರು ಹಿಂದೆ. ಮುಂದೆ ಕೂತೋರು ಲಯ ಇಡ್ತಾರೆ, ಹಿಂದಿನೋರು ಅವರನ್ನ ನೋಡ್ಕೊಂಡು ಅದೇ ಕಡೆ ಹುಟ್ಟು ಹಾಕ್ಬೇಕು, ತಿರುಗಿಸೋ ಕೆಲಸ ಹಿಂದಿನೋರದ್ದು. ಇದು ಗಂಡ ಹೆಂಡ್ತಿ ಜಗಳಕ್ಕೆ ಒಳ್ಳೆ ಜಾಗ, ಪಕ್ಕದ ದೋಣೀಲಿ ಪುಣೆಯ ಒಂದು ಜೋಡಿ ಒಂದೇ ಸುತ್ತು ಹೊಡೀತಾ ಇದ್ರು. ತೋಳಿಂದ ಎಳೀಬೇಡಿ, ಸೊಂಟದಿಂದ ಸ್ವಲ್ಪ ತಿರುಗಿ, ಇಲ್ಲಾಂದ್ರೆ ಮಾರನೇ ದಿನ ಕೈ ಎತ್ತಿ ಬಾಚಣಿಗೆ ಹಿಡಿಯೋಕೂ ಆಗಲ್ಲ.

ಇನ್ನೊಂದು, ಹೊರಡೋ ಮುಂಚೆ ಎದೆ ಮಟ್ಟದ ನೀರಲ್ಲಿ ಬೇಕಂತ್ಲೇ ಒಂದ್ಸಲ ಬಿದ್ದು ಹತ್ತೋದನ್ನ ಪ್ರಾಕ್ಟೀಸ್ ಮಾಡಿ. ಬಾದಾಮಿ ಹುಡುಗ ಇದನ್ನ ಮಾಡಿಸಿದ, ದೋಣಿ ನೆಟ್ಟಗೆ ಮಾಡ್ಕೋಬೇಕು, ನಡುಭಾಗ ಹಿಡಿದು ಕಾಲು ಬಡೀತಾ ಹೊಟ್ಟೆ ಮೇಲೆ ಅಡ್ಡ ಎಳ್ಕೋಬೇಕು, ಆಮೇಲೆ ಮಗ್ಗಲು ತಿರುಗಿ ಕುಂಡೆ ಸೀಟಿಗೆ ಹಾಕಿ, ಕೊನೇಲಿ ಕಾಲು. ನನ್ನ ಅಳಿಯ ಹದಿನಾಲ್ಕರ ಹುಡುಗ ಒಂದೇ ಏಟಿಗೆ ಹತ್ತಿದ. ಭಾವ ಈ ಕಡೆಯಿಂದ ಹತ್ತಿ ಆ ಕಡೆಯಿಂದ ಬಿದ್ರು, ಹುಡುಗ ನಗು ತಡ್ಕೊಂಡು "ಸಾವಕಾಶ ಸರ್ರ, ಮೊದ್ಲ ಹೊಟ್ಟಿ, ಆಮ್ಯಾಲ ಕಾಲು" ಅಂತ ಮತ್ತೆ ಮತ್ತೆ ಹೇಳ್ತಾನೇ ಇದ್ದ. ನಡುನೀರಲ್ಲಿ ಮೊದಲ ಸಲ ಕಲಿಯೋದಕ್ಕಿಂತ ಇದು ಎಷ್ಟೋ ವಾಸಿ.

ಮೇಲ್ಗಡೆ ಹೋಗ್ತಾ ಒಂದು ಕಡೆ ಬಲೆ ಕಟ್ಟಿರೋ ಗೂಟಗಳ ಸಾಲು ಸಿಗುತ್ತೆ, ಅದ್ರ ಮಧ್ಯ ನುಗ್ಗಬೇಡಿ, ಬಲೆ ಹರಿದ್ರೆ ಅವರ ಹೊಟ್ಟೆಪಾಡು, ನಿಮ್ಮ ಹುಟ್ಟೂ ಸಿಕ್ಕಿಹಾಕ್ಕೊಳ್ಳುತ್ತೆ. ಕಾಲುವೆ ಒಳಗೆ ಹೋದ್ರೆ ಮಾತು ನಿಲ್ಸಿ, ಮಿಂಚುಳ್ಳಿ ಕೈಗೆಟುಕೋ ದೂರದಲ್ಲಿ ಕೂತಿರುತ್ತೆ, ಸದ್ದು ಮಾಡಿದ್ರೆ ಹಾರೋಗುತ್ತೆ. ಕೆಸರಿಂದ ಕಾಂಡ್ಲಾ ಗಿಡದ ಉಸಿರುಬೇರು ಬೆರಳಿನಷ್ಟು ದಪ್ಪ ಸಾವಿರಗಟ್ಟಲೆ ಮೇಲಕ್ಕೆ ನಿಂತಿರ್ತವೆ, ಅವುಗಳ ಮಧ್ಯ ಏಡಿ ಓಡಾಡೋದನ್ನ ನೋಡ್ತಾ ಮಕ್ಕಳು ಫೋನನ್ನೇ ಮರೆತ್ರು. ನಾವು ತಿರುಗಿ ಬರೋವಾಗ ನೀರು ಇಳೀತಾ ಇತ್ತು, ದಡದಲ್ಲಿ ಹೆಂಗಸ್ರು ಸೊಂಟಕ್ಕೆ ಬುಟ್ಟಿ ಕಟ್ಕೊಂಡು ತಿಸ್ರೆ ಆರಿಸ್ತಾ ಇದ್ರು, ನಮ್ಮ ಕಾರವಾರ ಕಡೆ ಬಳಚು ಅಂತಾರಲ್ಲ ಅದೇ.

ಸಮುದ್ರದಲ್ಲೇ ಹೋಗ್ಬೇಕು ಅನ್ನೋರಿಗೆ ಪಾಳೊಳೆಂ, ಕಾಣಕೋಣ ತಾಲೂಕು, ಕಾರವಾರದಿಂದ ಬರೋರಿಗೆ ಹತ್ರಾನೂ ಹೌದು. ಅರ್ಧಚಂದ್ರದ ಕೊಲ್ಲಿ, ಎರಡು ತುದೀಲೂ ಬಂಡೆ ಇರೋದ್ರಿಂದ ಅಲೆ ಕಮ್ಮಿ, ಬೀಚ್ ಮೇಲೇ ಕಯಾಕ್ ಸಾಲಾಗಿ ಇಟ್ಟಿರ್ತಾರೆ. ಆದ್ರೆ ಇಲ್ಲಿ ಗಾಳಿ ಲೆಕ್ಕ ಬೇರೆ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತೆ, ನೀರು ಕನ್ನಡಿ ತರ ಇರುತ್ತೆ, ಹುಟ್ಟು ಹಾಕದೇನೇ ದೂರ ಹೋಗ್ಬಿಡ್ತೀರಿ, ಅಬ್ಬಾ ಎಷ್ಟು ಸುಲಭ ಅನ್ಸುತ್ತೆ, ತಿರುಗಿದಾಗ ಗೊತ್ತಾಗೋದು ಅಷ್ಟೂ ದೂರ ಗಾಳಿಗೆ ಎದುರಾಗಿ ಬರ್ಬೇಕು ಅಂತ. ಮಧ್ಯಾಹ್ನ ಆದ್ಮೇಲೆ ಗಾಳಿ ಸಮುದ್ರದಿಂದ ಬೀಸೋಕೆ ಶುರುವಾಗಿ ಸಣ್ಣ ಸಣ್ಣ ಅಲೆ ಏಳುತ್ತೆ, ಆಗ ಕಯಾಕ್ ಮಜಾ ಇಲ್ಲ. ಅದಕ್ಕೇ ಬೆಳಿಗ್ಗೆ ಎಂಟರಿಂದ ಹತ್ತೂವರೆ ಒಳಗೆ ಮುಗಿಸಿ, ದಡಕ್ಕೆ ಸಮಾನಾಂತರವಾಗಿ ಓಡಿಸಿ. ಉತ್ತರ ತುದಿಯ ಮಂಕಿ ಐಲ್ಯಾಂಡ್ ತನಕ ಹೋಗಿ ಬನ್ನಿ, ಅದನ್ನ ಹೊರಗಿನಿಂದ ಸುತ್ತು ಹಾಕೋ ಸಾಹಸ ಬೇಡ, ಆ ಕಡೆ ಬಂಡೆಗೆ ಅಲೆ ಬಡಿಯುತ್ತೆ. ಬಟರ್‌ಫ್ಲೈ ಬೀಚಿಗೆ ಕಯಾಕಲ್ಲಿ ಹೋಗಿ ಬಂದೆ ಅನ್ನೋರು ಸಿಗ್ತಾರೆ, ತೆರೆದ ಸಮುದ್ರದಲ್ಲಿ ನೀರೊಳಗೆ ಚಾಚಿರೋ ಗುಡ್ಡದ ತುದಿ ದಾಟ್ಬೇಕು, ಮೊದಲ ಸಲದೋರು ಬೋಟಿನವ್ನ ಜೊತೆ ಹೋಗೋದೇ ಸರಿ. ಕೆಂಪು ಬಾವುಟ ಇದ್ರೆ ನೀರಿಗೇ ಇಳೀಬೇಡಿ, ಬೀಚ್ ಕಾಯೋ 'ದೃಷ್ಟಿ' ಅನ್ನೋ ಕಂಪನಿಯ ಲೈಫ್‌ಗಾರ್ಡ್‌ಗಳು ಸೀಟಿ ಊದಿದ್ರೆ ವಾದ ಮಾಡ್ಬೇಡಿ.

ಮಾಂಡವಿ-ಜುವಾರಿ ನಡುವಿನ ಕುಂಭಾರ್ಜುವೆ ಕಾಲುವೆ ಚೆನ್ನಾಗಿದ್ಯಂತೆ ಅಂತ ಕೇಳಿದೋರಿಗೆ, ಹೌದು ಚೆನ್ನಾಗಿದೆ, ಅಲ್ಲಿ ಮೊಸಳೆ ಇವೆ, ದೊಡ್ಡ ಬೋಟಲ್ಲಿ ಕೂತು ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಸಮುದ್ರದಲ್ಲಿ ಇದೆಲ್ಲ ಬಂದ್, ಆ ಟೈಮಲ್ಲಿ ಬಂದು ಕಯಾಕ್ ಕೊಡಿ ಅಂತ ಪೀಡಿಸ್ಬೇಡಿ. ಕುಡಿದು ಹತ್ತೋದಂತೂ ಬೇಡ್ವೇ ಬೇಡ.

ಫೋನನ್ನ ಕುತ್ತಿಗೆಗೆ ನೇತಾಕೋ ವಾಟರ್‌ಪ್ರೂಫ್ ಕವರಲ್ಲಿ ಹಾಕಿ, ಮನೇಲೇ ಒಳಗೆ ಟಿಶ್ಯೂ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ಟೆಸ್ಟ್ ಮಾಡಿ. 112 ಗೊತ್ತೇ ಇದೆ, ಸಮುದ್ರದಲ್ಲಿ ಅಪಾಯ ಆದ್ರೆ ಕೋಸ್ಟ್ ಗಾರ್ಡ್ ನಂಬರ್ 1554, ಅದನ್ನೂ ಸೇವ್ ಮಾಡ್ಕೊಳ್ಳಿ. ಕನ್ನಡಕಕ್ಕೆ ಹಿಂದೆ ದಾರ ಕಟ್ಟಿ. ಹವಾಯಿ ಚಪ್ಪಲಿ ಕೆಸರಲ್ಲಿ ಬಿಟ್ಟೋಗುತ್ತೆ, ಪಟ್ಟಿ ಇರೋ ಸ್ಯಾಂಡಲ್ ಹಾಕಿ. ತುಂಬುತೋಳಿನ ತೆಳು ಟೀಶರ್ಟ್ ಇದ್ರೆ ಒಳ್ಳೇದು, ನೀರಿನ ಮೇಲೆ ಬಿಸಿಲು ಗೊತ್ತೇ ಆಗಲ್ಲ, ಸಂಜೆ ಹೊತ್ತಿಗೆ ತೊಡೆ ಸುಟ್ಟಿರುತ್ತೆ, ಜೀನ್ಸ್ ಹಾಕೋಕೆ ಆಗಲ್ಲ. ವಾಪಸ್ ಟ್ಯಾಕ್ಸೀಲಿ ಹೋಗೋದಾದ್ರೆ ಒಂದು ಹಳೇ ಬೆಡ್‌ಶೀಟ್ ತಂದು ಸೀಟಿಗೆ ಹಾಸಿ, ಒದ್ದೆ ಬಟ್ಟೇಲಿ ಕೂರೋಕೆ ಯಾವ ಡ್ರೈವರೂ ಬಿಡಲ್ಲ, ಬಾಡಿಗೆ ಕಾರಾದ್ರೆ ಕ್ಲೀನಿಂಗ್ ಅಂತ ಡೆಪಾಸಿಟಲ್ಲಿ ಮುರ್ಕೋತಾರೆ.