ಮರೀಲಿ ಎಲ್ಲಾ ಒಂದೇ ಥರ, ಹಾಗಾದ್ರೆ ಯಾವ ರ‍್ಯಾಟ್ ಸ್ನೇಕ್ ಸಾಕೋದು?

ರ‍್ಯಾಟ್ ಸ್ನೇಕ್ ಸಾಕ್ಬೇಕು ಅಂತ ಮನಸ್ಸು ಮಾಡೋದು ಕಷ್ಟ ಅಲ್ಲ, ಯಾವ ರ‍್ಯಾಟ್ ಸ್ನೇಕ್ ಅನ್ನೋದೇ ಕಷ್ಟ. ಬ್ಲ್ಯಾಕ್, ಎಲ್ಲೋ (ಹಳದಿ), ಗ್ರೇ, ಟೆಕ್ಸಾಸ್, ಎವರ್‌ಗ್ಲೇಡ್ಸ್, ಬೇರ್ಡ್ಸ್, ಗ್ರೇಟ್ ಪ್ಲೇನ್ಸ್, ಕಾರ್ನ್ ಸ್ನೇಕ್ ಅಂತ ಓದ್ತಾ ಹೋದ್ರೆ ಎಲ್ಲದರ ಕೆಳಗೂ ಅದೇ ನಾಲ್ಕು ಮಾತು, ವಿಷ ಇಲ್ಲ, ಇಲಿ ತಿನ್ನುತ್ತೆ, ಚೆನ್ನಾಗಿ ಹತ್ತುತ್ತೆ, 15-20 ವರ್ಷ ಬದುಕುತ್ತೆ. ಹಾಗಾದ್ರೆ ವ್ಯತ್ಯಾಸ ಏನು, ಬರೀ ಬಣ್ಣಾನಾ? ನಾನು ಒಂದನ್ನ ತರೋ ಮುಂಚೆ ತುಂಬಾ ದಿನ ಇದನ್ನೇ ತಲೇಲಿ ಇಟ್ಕೊಂಡು ಓದಿದೀನಿ, ಸಾಕೋರನ್ನ ಕೇಳಿದೀನಿ, ಬೆಳೆದ ಹಾವುಗಳನ್ನ ಕೈಯಲ್ಲಿ ಹಿಡ್ಕೊಂಡು ನೋಡಿದೀನಿ. ಇಷ್ಟೆಲ್ಲಾ ಆದ್ಮೇಲೆ ನನಗೆ ಅನ್ಸಿದ್ದು, ಬಣ್ಣ ಕೊನೇಲಿ ನೋಡ್ಬೇಕಾದ ವಿಷಯ.

ಇಲ್ಲಿ ಹೇಳ್ತಿರೋದು ಉತ್ತರ ಅಮೆರಿಕದ ಪ್ಯಾಂಥೆರೋಫಿಸ್ ಅನ್ನೋ ಕುಲದ ಹಾವುಗಳ ಬಗ್ಗೆ. ನಮಗೆಲ್ಲಾ ಗೊತ್ತಿರೋ ಕೇರೆ ಹಾವಿಗೂ ಇಂಗ್ಲಿಷಲ್ಲಿ ರ‍್ಯಾಟ್ ಸ್ನೇಕ್ ಅಂತಾನೇ ಅಂತಾರೆ ಆದ್ರೆ ಅದು ಬೇರೆ ಕುಲ, ಕಾಡಿನ ಹಾವು, ಭಾರತದಲ್ಲಿ ಅದನ್ನ ಹಿಡಿದು ಸಾಕೋದು ಅಪರಾಧ, ಆ ಯೋಚನೆ ಬೇಡವೇ ಬೇಡ.

ಈಗ ಬಣ್ಣದ ವಿಷಯ. ಬ್ಲ್ಯಾಕ್, ಎಲ್ಲೋ, ಗ್ರೇ ಈ ಮೂರರ ಮರಿಗಳನ್ನ ಪಕ್ಕಪಕ್ಕ ಇಟ್ರೆ ಮೊದಲ ಸಲ ನೋಡೋರಿಗೆ ಯಾವುದು ಯಾವುದು ಅಂತ ಹೇಳೋಕಾಗಲ್ಲ. ಎಲ್ಲವೂ ಬೂದು ಮೈ, ಬೆನ್ನ ಮೇಲೆ ಕಡು ಬಣ್ಣದ ಮಚ್ಚೆ, ಕಣ್ಣಿನಿಂದ ಬಾಯಿ ಕಡೆಗೆ ಒಂದು ಕಪ್ಪು ಗೆರೆ. ಬೆಳೀತಾ ಬೆಳೀತಾ ಬ್ಲ್ಯಾಕ್‌ನಲ್ಲಿ ಮೈಯೆಲ್ಲಾ ಕಪ್ಪಾಗಿ ಮಚ್ಚೆ ಮುಳುಗಿ ಹೋಗುತ್ತೆ, ಎಲ್ಲೋದಲ್ಲಿ ಮಚ್ಚೆ ಮಾಸಿ ಉದ್ದಕ್ಕೆ ನಾಲ್ಕು ಕಡು ಪಟ್ಟೆ ಬರುತ್ತೆ, ಗ್ರೇ ಮಾತ್ರ ಮರೀಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಉಳ್ಕೊಳ್ಳುತ್ತೆ. ಎವರ್‌ಗ್ಲೇಡ್ಸ್ ದೊಡ್ಡದಾದ್ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಪಟ್ಟೆ ಇದ್ರೂ ಮಸುಕು, ನಾಲಿಗೆ ಕೆಂಪು, ಅದೇ ಎಲ್ಲೋದರ ನಾಲಿಗೆ ಕಪ್ಪು, ಈ ನಾಲಿಗೆ ಗುರುತು ನನಗೆ ತುಂಬಾ ಇಷ್ಟವಾದ ವಿಷಯ. ಅಂದ್ರೆ ಫೋಟೋದಲ್ಲಿ ನೀವು ಮೆಚ್ಚಿಕೊಂಡ ಹಾವು ಬೇರೆ, ಡಬ್ಬೀಲಿ ಮನೆಗೆ ಬರೋ ಮರಿ ಬೇರೆ, ಆ ಬಣ್ಣ ಬರೋಕೆ ಎರಡು ಮೂರು ವರ್ಷ ಕಾಯ್ಬೇಕು, ಬಂದ್ಮೇಲೂ ನೀವು ಅಂದ್ಕೊಂಡಷ್ಟು ಗಾಢವಾಗಿ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಹಾಗಾಗಿ ಮರಿ ನೋಡೋಕೆ ಹೋದಾಗ ತಂದೆ ತಾಯಿ ಹಾವನ್ನ ತೋರಿಸಿ ಅಂತ ಕೇಳ್ಲೇಬೇಕು, ತೋರಿಸೋಕೆ ಹಿಂದೇಟು ಹಾಕೋ ಬ್ರೀಡರ್ (ಹಾವು ಸಾಕಿ ಮರಿ ಮಾಡಿಸಿ ಮಾರೋರು) ಹತ್ರ ನಾನಂತೂ ತಗೊಳ್ಳಲ್ಲ.

ಇನ್ನೊಂದು ಇದೆ. ಈ ಬ್ಲ್ಯಾಕ್, ಎಲ್ಲೋ, ಗ್ರೇ, ಟೆಕ್ಸಾಸ್ ಅನ್ನೋದೆಲ್ಲಾ ಮೊದಲು ಒಂದೇ ಜಾತಿಯ ಉಪಜಾತಿಗಳು ಅಂತಿತ್ತು, ಬಣ್ಣ ಮತ್ತೆ ಪ್ಯಾಟರ್ನ್ ನೋಡಿ ಹೆಸರಿಟ್ಟಿದ್ರು. 2000ದಲ್ಲಿ ಹಾವುಗಳ ಸಂಶೋಧಕ ಫ್ರಾಂಕ್ ಬರ್‌ಬ್ರಿಂಕ್ ಮತ್ತೆ ಅವರ ಜೊತೆಯವರು ಮೈಟೊಕಾಂಡ್ರಿಯಾ ಡಿಎನ್ಎ (ತಾಯಿ ಕಡೆಯಿಂದ ಬರೋ ಡಿಎನ್ಎ) ತೆಗೆದು ನೋಡಿದಾಗ ಆ ಗುಂಪುಗಳು ಬಣ್ಣದ ಪ್ರಕಾರ ಕೂಡಿ ಬರ್ಲೇ ಇಲ್ಲ, ಪೂರ್ವ, ಮಧ್ಯ, ಪಶ್ಚಿಮ ಅಂತ ಭೂಗೋಳದ ಪ್ರಕಾರ ಕೂಡಿ ಬಂತು, ಅಂದ್ರೆ ಉತ್ತರದ ಕಪ್ಪು ಹಾವಿಗೆ ಇನ್ನೊಂದು ಕಡೆಯ ಕಪ್ಪು ಹಾವಿಗಿಂತ ಫ್ಲಾರಿಡಾದ ಹಳದಿ ಹಾವೇ ಹತ್ತಿರದ ಸಂಬಂಧಿ ಆಗಿರ್ಬಹುದು. ಆಮೇಲೆ ಎಲಾಫೆ ಅಂತಿದ್ದ ಕುಲದ ಹೆಸರೂ ಪ್ಯಾಂಥೆರೋಫಿಸ್ ಆಯ್ತು, ಜಾತಿ ಹೆಸರುಗಳು ಮತ್ತೂ ಮತ್ತೂ ಬದಲಾಗ್ತಾ ಬಂದಿವೆ. ಸಾಕೋರಿಗೆ ಇದರಿಂದ ಏನು ಅಂದ್ರೆ, ಇವು ನಾಲ್ಕು ಬೇರೆ ಬೇರೆ ಹಾವು, ಒಂದೊಂದಕ್ಕೂ ಒಂದೊಂದು ಸ್ವಭಾವ ಅಂತ ತುಂಬಾ ನಂಬ್ಕೊಂಡು ಕೂರ್ಬಾರ್ದು. ಕೂಡಿಸಿದ್ರೆ ಆರಾಮಾಗಿ ಮರಿ ಆಗೋಷ್ಟು ಹತ್ತಿರದ ಹಾವುಗಳಿವು.

ಸೈಜ್ ಮಾತ್ರ ನಿಜವಾದ ವ್ಯತ್ಯಾಸ. ಮನೇಲಿ ದಿನಾ ಜೊತೇಲಿ ಇರೋಕೆ ಇದೇ ಮುಖ್ಯ. ಕಾರ್ನ್ ಸ್ನೇಕ್ ಸಾಮಾನ್ಯವಾಗಿ 3ರಿಂದ 5 ಅಡಿ, ತೆಳ್ಳಗಿನ ಮೈ. ಬೇರ್ಡ್ಸ್ ಕೂಡ ಹೆಚ್ಚುಕಡಿಮೆ ಅಷ್ಟೇ. ಬ್ಲ್ಯಾಕ್, ಎಲ್ಲೋ, ಎವರ್‌ಗ್ಲೇಡ್ಸ್, ಟೆಕ್ಸಾಸ್ ಆರಾಮಾಗಿ 5-6 ಅಡಿ ಮುಟ್ಟುತ್ತವೆ, ಬ್ಲ್ಯಾಕ್‌ನಲ್ಲಿ ದಾಖಲೆ 101 ಇಂಚು, ಅಂದ್ರೆ ಎಂಟು ಅಡಿಗೂ ಜಾಸ್ತಿ. ಐದಡಿ ಹಾವಿಗೂ ಆರೂವರೆ ಅಡಿ ಹಾವಿಗೂ ಕಾಗದದ ಮೇಲೆ ಏನೂ ಅಷ್ಟು ವ್ಯತ್ಯಾಸ ಕಾಣಲ್ಲ ಆದ್ರೆ ಕೈಗೆ ಬಂದಾಗ ಗೊತ್ತಾಗುತ್ತೆ, ಒಂದನ್ನ ಎರಡು ಕೈಯಲ್ಲಿ ಆರಾಮಾಗಿ ಹಿಡೀಬಹುದು, ಇನ್ನೊಂದು ನಿಮ್ಮ ಹೆಗಲು ದಾಟಿ ಕಪಾಟಿನ ಮೇಲೆ ಹತ್ತೋ ಪ್ಲಾನಲ್ಲಿ ಇರುತ್ತೆ. ಇವುಗಳ ಮೈ ಅಡ್ಡ ಕೊಯ್ದಂಗೆ ನೋಡಿದ್ರೆ ಬ್ರೆಡ್ ಲೋಫ್ ಥರ, ಹೊಟ್ಟೆ ಚಪ್ಪಟೆ, ಎರಡೂ ಬದಿಗೆ ಅಂಚು, ಆ ಅಂಚನ್ನ ಮರದ ತೊಗಟೆಗೆ ಸಿಕ್ಕಿಸ್ಕೊಂಡು ನೆಟ್ಟಗೆ ನಿಂತಿರೋ ಮರಾನೂ ಹತ್ತುತ್ತವೆ. ಹಾಗಾಗಿ ಗೂಡು ಅಗಲ ಇದ್ರೆ ಸಾಲ್ದು, ಎತ್ತರಾನೂ ಬೇಕು. ದೊಡ್ಡ ಜಾತಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಅನ್ನೋದು ಕನಿಷ್ಠ ಅಂತ ನಾನು ಅಂದ್ಕೊಂಡಿದೀನಿ, ಒಳಗೆ ದಪ್ಪ ಕೊಂಬೆ, ಮೇಲೊಂದು ಕೆಳಗೊಂದು ಅಡಗೋ ಜಾಗ. ಬಾಗಿಲಿಗೆ ಲಾಕ್ ಇರ್ಲೇಬೇಕು, ಇವು ಮೂಗಲ್ಲಿ ಒತ್ತಿ ಒತ್ತಿ ಸಂದಿ ಹುಡುಕೋದ್ರಲ್ಲಿ ಬಹಳ ಗಟ್ಟಿ.

ಸ್ವಭಾವದ ಬಗ್ಗೆ ಹೇಳೋದಾದ್ರೆ, ಟೆಕ್ಸಾಸ್ ಕಚ್ಚೋ ಹಾವು ಅಂತ ಹೆಸರು ತಗೊಂಡಿದೆ, ಅದು ಪೂರ್ತಿ ಸುಳ್ಳೇನಲ್ಲ, ದೊಡ್ಡದಾದ್ರೂ ಎಸ್ ಥರ ಕತ್ತು ಮಡಚಿ ನಿಲ್ಲೋ ಟೆಕ್ಸಾಸ್ ಬೇಕಾದಷ್ಟಿವೆ. ಬೇರ್ಡ್ಸ್‌ಗೆ ಶಾಂತ ಅನ್ನೋ ಹೆಸರು. ಎಲ್ಲೋ, ಬ್ಲ್ಯಾಕ್, ಎವರ್‌ಗ್ಲೇಡ್ಸ್ ಮಧ್ಯದಲ್ಲಿ, ಒಂದೊಂದು ಹಾವು ಒಂದೊಂದು ಥರ. ಆದ್ರೆ ಮರಿ ಕಚ್ಚೋಕೆ ಬಂತು ಅಂತ ಜಾತೀನೇ ಬೇಡ ಅನ್ಬೇಡಿ, ಒಂದಡಿ ಉದ್ದದ ಮರಿಗೆ ಜಗತ್ತಲ್ಲಿ ಎಲ್ಲರೂ ಶತ್ರುಗಳೇ, ಹಕ್ಕಿ, ಬೆಕ್ಕು, ಬೇರೆ ಹಾವು ಎಲ್ಲಾ ತಿನ್ನೋವೇ, ಅದು ಹೆದರದೇ ಇನ್ನೇನು ಮಾಡುತ್ತೆ. ಹೆದರಿದ ರ‍್ಯಾಟ್ ಸ್ನೇಕ್ ಬಾಲ ಪಟಪಟ ಅಲ್ಲಾಡಿಸುತ್ತೆ, ಒಣಗಿದ ಎಲೆ ಮೇಲಿದ್ರೆ ರ‍್ಯಾಟಲ್ ಸ್ನೇಕ್ ಸದ್ದೇ ಅನ್ಸುತ್ತೆ. ಕೆಲವು ಸಲ ಮೈಯೆಲ್ಲಾ ಸಣ್ಣ ಸಣ್ಣ ಬಾಗು ಮಾಡ್ಕೊಂಡು ಅಲ್ಲಾಡದೇ ಬಿದ್ದಿರುತ್ತೆ, ಹೊಸಬರು ಅದನ್ನ ನೋಡಿ ಹಾವಿಗೆ ಏನೋ ಆಗಿದೆ ಅಂತ ಗಾಬರಿ ಆಗ್ತಾರೆ, ಅದು ಬರೀ ಭಯ, ಬಿಟ್ಟುಬಿಟ್ರೆ ಸರಿ ಹೋಗುತ್ತೆ. ತೀರಾ ಹೆದರಿದ್ರೆ ಹಿಂದಿನಿಂದ ಒಂದು ಕೆಟ್ಟ ವಾಸನೆಯ ದ್ರವ ಬಿಡುತ್ತೆ, ಈ ವಾಸನೆ ವಿಷಯದಲ್ಲಿ ಎಲ್ಲಾ ರ‍್ಯಾಟ್ ಸ್ನೇಕೂ ಒಂದೇ, ಕೈ ಎಷ್ಟು ತೊಳೆದ್ರೂ ಸ್ವಲ್ಪ ಹೊತ್ತು ಹಾಗೇ ಇರುತ್ತೆ.

ಹಗಲು ರಾತ್ರಿ ಅನ್ನೋದನ್ನೂ ಕೇಳಿ. ಕಾರ್ನ್ ಸ್ನೇಕ್ ಹೆಚ್ಚಾಗಿ ಮುಸ್ಸಂಜೆ ರಾತ್ರಿ ಓಡಾಡುತ್ತೆ, ಹಗಲೆಲ್ಲಾ ಮರೇಲಿ ಮಲಗಿರುತ್ತೆ. ಬ್ಲ್ಯಾಕ್, ಎಲ್ಲೋ ಗುಂಪಿನವು ತಂಪು ಕಾಲದಲ್ಲಿ ಹಗಲಲ್ಲೇ ಆಚೆ ಬರೋ ಹಾವುಗಳು, ಕೊಂಬೆ ಮೇಲೆ ಉದ್ದಕ್ಕೆ ಮಲಗಿ ರೂಮಲ್ಲಿ ಯಾರು ಬಂದ್ರು ಯಾರು ಹೋದ್ರು ಅಂತ ತಲೆ ಎತ್ತಿ ನೋಡ್ತಿರುತ್ತವೆ. ಹಾವನ್ನ ನೋಡ್ತಾ ಕೂರೋದೇ ಖುಷಿ ಅನ್ನೋರಿಗೆ ಇದೊಂದೇ ಕಾರಣಕ್ಕೆ ಎಲ್ಲೋ ಅಥವಾ ಎವರ್‌ಗ್ಲೇಡ್ಸ್ ತಗೊಳ್ಳಿ ಅಂತೀನಿ.

ಕಾರ್ನ್ ಸ್ನೇಕ್ ಬಗ್ಗೆ ಒಂದು ಮಾತು. ಮೊದಲ ಹಾವು ಅಂದ್ರೆ ಎಲ್ಲರೂ ಅದನ್ನೇ ಹೇಳ್ತಾರೆ, ಸರಿಯಾಗೇ ಹೇಳ್ತಾರೆ. ಆದ್ರೆ ಮಾರ್ಫ್ ಅನ್ನೋ ಹೆಸರಲ್ಲಿ ಎಷ್ಟೋ ಬಣ್ಣ ಇರೋದ್ರಿಂದ ಅಲ್ಲೂ ಬಣ್ಣದ ಹಿಂದೆ ಓಡೋದೇ ಜಾಸ್ತಿ. ಅದರ ಹತ್ತಿರದ ಸಂಬಂಧಿ ಗ್ರೇಟ್ ಪ್ಲೇನ್ಸ್, ಎಮೊರಿ ಅಂತಾನೂ ಕರೀತಾರೆ, ಬೂದು ಕಂದು ಬಣ್ಣ, ನೋಡೋಕೆ ಸಾದಾ, ಅದಕ್ಕೇ ಯಾರೂ ತಿರುಗಿ ನೋಡಲ್ಲ, ನನಗೆ ಅದೊಂದು ಬೇಜಾರು, ಗಟ್ಟಿಮುಟ್ಟಾದ ಹಾವು ಅದು. ಇವೆರಡನ್ನ ಕೂಡಿಸಿ ಮಾಡಿದ್ದನ್ನ ರೂಟ್‌ಬೀರ್, ಕ್ರೀಮ್‌ಸಿಕಲ್ ಅಂತೆಲ್ಲಾ ಮಾರ್ತಾರೆ. ಹೈಬ್ರಿಡ್ ಹಾವು ಕೆಟ್ಟದ್ದು ಅಂತ ನಾನು ಹೇಳಲ್ಲ, ಹೈಬ್ರಿಡ್ ಅಂತ ಹೇಳಿ ಮಾರ್ಬೇಕು ಅಷ್ಟೇ, ಯಾಕಂದ್ರೆ ನಾಳೆ ಅದರ ಮರೀನ ಇನ್ಯಾರೋ ಶುದ್ಧ ಕಾರ್ನ್ ಅಂದ್ಕೊಂಡು ತಗೋತಾರೆ.

ಬಿಳಿ ಟೆಕ್ಸಾಸ್ ನೋಡಿ ಮರುಳಾಗೋರೂ ತುಂಬಾ ಜನ. ಲ್ಯೂಸಿಸ್ಟಿಕ್ ಅಂತಾರೆ, ಮೊಟ್ಟೆಯಿಂದಾನೇ ಬೆಳ್ಳಗೆ ಬರುತ್ತೆ, ಬಣ್ಣ ಬದಲಾಗೋಕೆ ಕಾಯೋ ಕಷ್ಟ ಇಲ್ಲ, ನಿಜಕ್ಕೂ ಸುಂದರ. ಆದ್ರೆ ಅದರ ಕೆಲವು ವಂಶಗಳಲ್ಲಿ ಕಣ್ಣುಗುಡ್ಡೆ ಉಬ್ಬಿ ಆಚೆ ಬಂದಂಗಿರೋ ತೊಂದರೆ ಇದೆ, ಹಾಗಾಗಿ ಮರೀದಷ್ಟೇ ಅಲ್ಲ ಅದರ ಅಪ್ಪ ಅಮ್ಮಂದೂ ಕಣ್ಣು ನೋಡಿ.

ಏಷ್ಯಾದ ರ‍್ಯಾಟ್ ಸ್ನೇಕ್‌ಗಳ ವಿಷಯ ಇನ್ನೊಂದು ಸಲ ಬರೀತೀನಿ. ರಷ್ಯನ್ ರ‍್ಯಾಟ್ ಸ್ನೇಕ್ ಕಪ್ಪು ಮೈ ಹಳದಿ ಅಡ್ಡಪಟ್ಟೆ, ತಂಪು ಇಷ್ಟಪಡೋ ಹಾವು, ಸೆಕೆ ಜಾಸ್ತಿ ಇರೋ ಮನೆಗೆ ಹೊಂದಲ್ಲ. ಟೈವಾನ್ ಬ್ಯೂಟಿ ಆರೇಳಡಿ ಬೆಳೆಯೋ ಚುರುಕು ಹಾವು, ಅಭ್ಯಾಸ ಇರೋರಿಗೆ.

ನಾನು ಕೊನೆಗೆ ತಂದಿದ್ದು ಬೇರ್ಡ್ಸ್. ಎವರ್‌ಗ್ಲೇಡ್ಸ್ ಮೇಲೆ ಮನಸ್ಸು ತುಂಬಾ ಇತ್ತು, ಆ ಕಿತ್ತಳೆ ಬಣ್ಣ ಬಿಟ್ಟುಕೊಡೋಕೆ ಕಷ್ಟಾನೂ ಆಯ್ತು, ಆದ್ರೆ ನನ್ನ ಹತ್ರ ಇರೋ ಜಾಗಕ್ಕೆ ಆರಡಿ ಹಾವು ಅಂದ್ರೆ ಅದಕ್ಕೇ ಅನ್ಯಾಯ. ಬೇರ್ಡ್ಸ್ ಟೆಕ್ಸಾಸಿನ ಪಶ್ಚಿಮ ಭಾಗ ಮತ್ತೆ ಮೆಕ್ಸಿಕೋದ ಈಶಾನ್ಯದ ಕಲ್ಲುಗುಡ್ಡಗಳ ಹಾವು, ಸ್ಪೆನ್ಸರ್ ಬೇರ್ಡ್ ಅನ್ನೋ ವಿಜ್ಞಾನಿಯ ಹೆಸರನ್ನೇ ಇದಕ್ಕೆ ಇಟ್ಟಿದಾರೆ. ಮರೀಲಿ ಬೂದು ಮೈಗೆ ತೆಳು ಅಡ್ಡಪಟ್ಟೆ, ಯಾರ ಕಣ್ಣಿಗೂ ಬೀಳದಷ್ಟು ಸಾದಾ, ಬೆಳೀತಾ ಅಡ್ಡಪಟ್ಟೆ ಹೋಗಿ ಉದ್ದ ಪಟ್ಟೆ ಬರುತ್ತೆ, ಸ್ಕೇಲ್‌ಗಳ ಮಧ್ಯೆ ಕಿತ್ತಳೆ ಹೊಳಪು ಹತ್ತುತ್ತೆ, ಬೆಳಕಲ್ಲಿ ಲೋಹದ ಥರ ಕಾಣುತ್ತೆ. ಪ್ರತಿ ಸಲ ಪೊರೆ ಬಿಟ್ಟಾಗ ಸ್ವಲ್ಪ ಸ್ವಲ್ಪ ಬದಲಾಗಿರೋದನ್ನ ನೋಡೋದಿದ್ಯಲ್ಲ, ಮೊದಲ ದಿನಾನೇ ಪೂರ್ತಿ ಬಣ್ಣದಲ್ಲಿ ಬರೋ ಹಾವು ಈ ಖುಷಿ ಕೊಡಲ್ಲ.

ಜಾತಿ ಫೈನಲ್ ಆದ್ಮೇಲೆ ಆ ಒಂದು ಮರೀನ ಸರಿಯಾಗಿ ನೋಡಿ, ಇದು ಜಾತಿಗಿಂತ ಮುಖ್ಯ. ಸಾಕಿದ ಹಾವಿಗೆ ಹುಟ್ಟಿದ್ದೇ ಆಗಿರ್ಬೇಕು, ಕಾಡಿಂದ ಹಿಡಿದಿದ್ದು ಬೇಡ, ಹೊಟ್ಟೇಲಿ ಹುಳ ಇರುತ್ತೆ, ಊಟ ಬಿಡುತ್ತೆ. ಫ್ರೀಜ್ ಮಾಡಿ ಕರಗಿಸಿದ ಇಲಿಮರೀನ ತಾನಾಗೇ ಬಾಯಿ ಹಾಕಿ ಎಷ್ಟು ಸಲ ತಿಂದಿದೆ ಕೇಳಿ, ಸಾಧ್ಯ ಆದ್ರೆ ನಿಮ್ಮ ಎದುರೇ ತಿನ್ಸೋಕೆ ಹೇಳಿ. ತಿನ್ನದ ಮರಿ ಎಷ್ಟೇ ಚೆಂದ ಇದ್ರೂ ಮನೆಗೆ ತರ್ಬೇಡಿ. ಕಣ್ಣಿನ ಸುತ್ತ, ಗಲ್ಲದ ಕೆಳಗೆ ಓಡಾಡೋ ಸಣ್ಣ ಕರಿ ಚುಕ್ಕೆ ಕಂಡ್ರೆ ಅದು ಮೈಟ್ಸ್, ಹಾವಿನ ರಕ್ತ ಹೀರೋ ಸಣ್ಣ ಹುಳ. ಬಾಯಿ ತೆಗೆದು ಉಸಿರಾಡ್ತಿದ್ರೆ, ಮೂಗಲ್ಲಿ ಗುಳ್ಳೆ ಬರ್ತಿದ್ರೆ ಶ್ವಾಸಕೋಶದ ಸೋಂಕು ಇರ್ಬಹುದು. ಕೈಯಲ್ಲಿ ಹಿಡಿದಾಗ ನಾಲಿಗೆ ಆಡಿಸ್ತಾ ಹಿಡಿತ ಇಟ್ಕೊಂಡು ಹರಿದಾಡ್ಬೇಕು, ಜೋತು ಬೀಳ್ಬಾರ್ದು.

ಆರೈಕೆ ಇವೆಲ್ಲಕ್ಕೂ ಹತ್ತತ್ರ ಒಂದೇ. ಒಂದು ಕಡೆ 29-31 ಡಿಗ್ರಿ, ಇನ್ನೊಂದು ಕಡೆ 22-24, ಹೀಟರ್‌ಗೆ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದಂಗೆ ನೋಡ್ಕೊಳ್ಳೋ ಸಾಧನ) ಇಲ್ಲದೇ ಕರೆಂಟ್ ಕೊಡ್ಲೇಬೇಡಿ. ಮರಿಗೆ ವಾರಕ್ಕೊಂದು ಸಲ, ದೊಡ್ಡದಕ್ಕೆ 10-14 ದಿನಕ್ಕೊಂದು ಸಲ ಊಟ, ಇಲಿ ಗಾತ್ರ ಹಾವಿನ ಮೈಯ ದಪ್ಪ ಭಾಗದಷ್ಟಿದ್ರೆ ಸಾಕು. ತಿಂದ ಎರಡು ದಿನ ಮುಟ್ಬೇಡಿ, ಕಕ್ಕಿಬಿಡುತ್ತೆ. ಮುಟ್ಟಿದ್ಮೇಲೆ ಸೋಪ್ ಹಾಕಿ ಕೈ ತೊಳೀರಿ, ಹಾವಿನಿಂದ ಮನುಷ್ಯರಿಗೆ ಹರಡಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅನ್ನೋದು ಸುಮ್ನೆ ಮಾತಲ್ಲ, ಐದು ವರ್ಷದ ಒಳಗಿನ ಮಕ್ಕಳಿರೋ ಮನೇಲಿ ಇನ್ನೂ ಹುಷಾರು.

ದುಡ್ಡು ಕೊಡೋ ಮುಂಚೆ ನೀವಿರೋ ಕಡೆಯ ಕಾನೂನು ಓದಿ. ಎಲ್ಲಾ ಕಡೆ ಸಿಗೋ ಕಾರ್ನ್ ಸ್ನೇಕನ್ನೇ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ಯಾಕಂದ್ರೆ ಅಲ್ಲಿ ಅದು ಅದೇ ನೆಲದ ಕಾಡುಹಾವು. ನಿಮ್ಮ ಕಡೆ ಅನುಮತಿ ಪತ್ರ ಬೇಕು ಅಂದ್ರೆ ಅದನ್ನ ಮಾಡಿಸ್ಕೊಂಡು, ಬ್ರೀಡರ್ ಹತ್ರ ಮರಿ ಎಲ್ಲಿ ಯಾವಾಗ ಹುಟ್ಟಿದ್ದು ಅನ್ನೋದನ್ನ ಬರವಣಿಗೇಲಿ ತಗೊಂಡು, ಗೂಡಿನ ಹೀಟರ್ ಒಂದು ವಾರ ಮೊದಲೇ ಹಾಕಿ ಟೆಂಪರೇಚರ್ ನಿಲ್ಲುತ್ತಾ ನೋಡ್ಕೊಂಡು ಆಮೇಲೆ ಹಾವು ತನ್ನಿ.